ಆ್ಯಪ್‌ನಲ್ಲಿ ಚಿತ್ರ ಸಂಸ್ಕರಣೆ: ಟೆಸ್ಟ್ ಮತ್ತು ಕಲರ್ ಸ್ಪೇಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಂಡ್ರಾಯ್ಡ್ ಅಥವಾ ಐಒಎಸ್ ಆ್ಯಪ್‌ನಲ್ಲಿ ಫೋಟೊ ತಿದ್ದುವ, ಕುಗ್ಗಿಸುವ, ಫಿಲ್ಟರ್ ಹಾಕುವ, ಕ್ಯಾಮೆರಾ ಫ್ರೇಮ್ ಓದುವ ಕೋಡ್ ಬರೆಯುವವರಿಗಾಗಿ ಈ ಪುಟ. ಆರ್‌ಜಿಬಿ ಎಂದರೇನು, ಯೂನಿಟ್ ಟೆಸ್ಟ್ ಎಂದರೇನು ಎಂಬುದು ಗೊತ್ತಿದೆ ಎಂದುಕೊಂಡೇ ಬರೆದಿದ್ದೇವೆ. ಮೂರು ಸಂಖ್ಯೆಗಳನ್ನು ಆವರಣದಲ್ಲಿ ಕೊಟ್ಟ ಕಡೆ ಅವು ಕೆಂಪು, ಹಸಿರು, ನೀಲಿಯ 0–255 ಬೆಲೆಗಳು.

ಟೆಸ್ಟ್‌ಗಳೆಲ್ಲ ಪಾಸ್ ಆಗುತ್ತವೆ, ಫೋನಿನಲ್ಲಿ ಮಾತ್ರ ಬಣ್ಣ ಕೆಟ್ಟು ಕಾಣುತ್ತದೆ. ಏಕೆ?

ಬಹಳ ಸಲ ಕಾರಣ ಟೆಸ್ಟ್‌ಗೆ ಕೊಟ್ಟ ಚಿತ್ರವೇ. ಆ ಚಿತ್ರದಲ್ಲಿ ತಪ್ಪು ಕಾಣಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ಬೂದು ಬಣ್ಣದ ಚಿತ್ರವೊಂದನ್ನು ತೆಗೆದುಕೊಳ್ಳಿ. ಕೆಂಪು ಮತ್ತು ನೀಲಿ ಚಾನೆಲ್ ಅದಲುಬದಲಾದರೂ ಬೂದು ಬೂದಾಗಿಯೇ ಉಳಿಯುತ್ತದೆ. ಎಸ್‌ಆರ್‌ಜಿಬಿ ಮತ್ತು ಡಿಸ್‌ಪ್ಲೇ ಪಿ3 ಎರಡು ಕಲರ್ ಸ್ಪೇಸ್‌ಗಳು, ಅಂದರೆ ಯಾವ ಸಂಖ್ಯೆ ಯಾವ ಬಣ್ಣ ಎಂದು ಹೇಳುವ ಪದ್ಧತಿಗಳು. ಎರಡಕ್ಕೂ ಬಿಳಿ ಬಿಂದು (ಯಾವುದು ಬಿಳಿ ಎಂಬ ಒಪ್ಪಂದ) ಡಿ65, ವಕ್ರರೇಖೆಯೂ (ಸಂಖ್ಯೆಗೂ ಬೆಳಕಿಗೂ ಇರುವ ಸಂಬಂಧ) ಒಂದೇ. ಹಾಗಾಗಿ ಒಂದನ್ನು ಇನ್ನೊಂದೆಂದು ಓದಿದರೂ ಬೂದು ಕದಲುವುದಿಲ್ಲ. ಕ್ಯಾಮೆರಾ ಅಥವಾ ವಿಡಿಯೊ ಬಣ್ಣವನ್ನು ಆರ್‌ಜಿಬಿಗೆ ತರುವಾಗ ಬಿಟಿ.601ರ ಬದಲು ಬಿಟಿ.709 ಮ್ಯಾಟ್ರಿಕ್ಸ್ ಬಳಸಿದರೂ ಅಷ್ಟೇ. ಮೂರು ದೊಡ್ಡ ತಪ್ಪುಗಳು, ಒಂದನ್ನೂ ಆ ಚಿತ್ರ ಹಿಡಿಯುವುದಿಲ್ಲ.

ನಿಸರ್ಗದ ಸುಂದರ ಫೋಟೊ ಕೂಡ ಒಳ್ಳೆಯ ಟೆಸ್ಟ್ ಚಿತ್ರವಲ್ಲ. ಅದರಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ ಇರುತ್ತದೆ, ಆದರೆ ಟೆಸ್ಟ್ ಫೇಲ್ ಆದಾಗ ಏನು ತಪ್ಪಾಯಿತು ಎಂದು ಅದು ಹೇಳುವುದಿಲ್ಲ.

ಹಾಗಾದರೆ ಯಾವ ಚಿತ್ರ ಬಳಸಬೇಕು?

ಕೋಡ್‌ನಲ್ಲೇ ಹುಟ್ಟಿಸಿದ ಸಣ್ಣ ಚಿತ್ರಗಳನ್ನು ಬಳಸಿ. ಒಂದೊಂದು ತಪ್ಪಿಗೆ ಒಂದೊಂದು ಬಲೆ ಎಂದು ಯೋಚಿಸಿ:

- (200, 100, 50): ಮೂರೂ ಬೆಲೆ ಬೇರೆ ಬೇರೆ. ಚಾನೆಲ್‌ಗಳ ಕ್ರಮ ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ. ಆಲ್ಫಾವನ್ನು 255ರ ಬದಲು 220ಕ್ಕೆ ಇಟ್ಟರೆ ನಾಲ್ಕನೆಯ ಚಾನೆಲ್ ಜಾರಿದ್ದೂ ತಿಳಿಯುತ್ತದೆ.
- ಅಪ್ಪಟ ಕೆಂಪು ಮತ್ತು ಅಪ್ಪಟ ಹಸಿರು: ಕಲರ್ ಸ್ಪೇಸ್ ಹಾಗೂ ಮ್ಯಾಟ್ರಿಕ್ಸ್ ತಪ್ಪುಗಳಿಗೆ.
- 0ರಿಂದ 255ರವರೆಗಿನ ಬೂದು ಏಣಿ, 256 ಪಿಕ್ಸೆಲ್ ಅಗಲ: ವಕ್ರರೇಖೆ, ವ್ಯಾಪ್ತಿ, ರೌಂಡಿಂಗ್ ತಪ್ಪುಗಳಿಗೆ.
- ಕಪ್ಪು ನೆಲದ ಮೇಲೆ ಒಂದೇ ಒಂದು ಬಿಳಿ ಪಿಕ್ಸೆಲ್: ಬ್ಲರ್, ಶಾರ್ಪನ್ ಮುಂತಾದವುಗಳ ಕರ್ನಲ್ (ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಕೊಡುವ ತೂಕದ ಕೋಷ್ಟಕ) ಹಾಗೆಯೇ ಅಚ್ಚಾಗಿ ಹೊರಬರುತ್ತದೆ. ಕರ್ನಲ್ ಒಂದು ಪಿಕ್ಸೆಲ್ ಪಕ್ಕಕ್ಕೆ ಸರಿದಿದ್ದರೆ ಬರಿಗಣ್ಣಿಗೇ ಕಾಣುತ್ತದೆ.
- ಒಂದು ಪಿಕ್ಸೆಲ್ ಚೌಕಗಳ ಕಪ್ಪು-ಬಿಳುಪು ಚದುರಂಗ: ಕುಗ್ಗಿಸುವ ಕೋಡ್‌ಗೆ.
- ನಾಲ್ಕು ಮೂಲೆಗೆ ನಾಲ್ಕು ಬಣ್ಣ: ತಿರುಗಿಸುವ, ಮಗುಚುವ ಕೋಡ್‌ಗೆ.

ಅಳತೆಗಳನ್ನೂ ಯೋಚಿಸಿ ಆರಿಸಿ. 256×256 ಎಲ್ಲವನ್ನೂ ಮುಚ್ಚಿಹಾಕುವ ಅಳತೆ. ಅಗಲ ಎತ್ತರ ಎರಡೂ ಒಂದೇ ಆಗಿರುವುದರಿಂದ ಅವು ಅದಲುಬದಲಾದರೂ ಗೊತ್ತಾಗುವುದಿಲ್ಲ, 16ರಿಂದ ಭಾಗವಾಗುವುದರಿಂದ ಸಾಲಿನ ಕೊನೆಯಲ್ಲಿ ಪ್ಯಾಡಿಂಗ್ ಬರುವುದಿಲ್ಲ. 7×5, 1×1, 1×9, 33×17 ಇಂಥವು ಇರಲಿ. ವೆಕ್ಟರ್ ಸೂಚನೆಗಳಿಂದ ಒಮ್ಮೆಗೆ 16 ಪಿಕ್ಸೆಲ್ ಓದುವ ಕೋಡ್ ಎಡವುವುದು 17ನೆಯ ಪಿಕ್ಸೆಲ್‌ನಲ್ಲಿ.

ಎಸ್‌ಆರ್‌ಜಿಬಿ ಮತ್ತು ಡಿಸ್‌ಪ್ಲೇ ಪಿ3 ನಡುವೆ ವ್ಯತ್ಯಾಸ ಎಷ್ಟು?

ಎಸ್‌ಆರ್‌ಜಿಬಿ 1999ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ಡಿಸ್‌ಪ್ಲೇ ಪಿ3 ಅದಕ್ಕಿಂತ ಹೆಚ್ಚು ಗಾಢವಾದ ಕೆಂಪು ಮತ್ತು ಹಸಿರನ್ನು ಹಿಡಿಯುತ್ತದೆ. 2016ರ ಐಫೋನ್ 7ರಿಂದ ಐಫೋನ್ ಕ್ಯಾಮೆರಾ ಫೋಟೊಗಳು ಪಿ3ಯಲ್ಲೇ ಬರುತ್ತಿವೆ. ಆಂಡ್ರಾಯ್ಡ್‌ಗೆ ಕಲರ್ ಮ್ಯಾನೇಜ್‌ಮೆಂಟ್ ಬಂದದ್ದು 2017ರ 8.0 ಆವೃತ್ತಿಯಲ್ಲಿ.

ಟೆಸ್ಟ್‌ನಲ್ಲಿ ನೇರವಾಗಿ ಬಳಸಬಹುದಾದ ಬೆಲೆಗಳು ಇಲ್ಲಿವೆ. ಎಸ್‌ಆರ್‌ಜಿಬಿಯ ಕೆಂಪು (255, 0, 0) ಅನ್ನು ಪಿ3ಗೆ ಪರಿವರ್ತಿಸಿದರೆ (234, 51, 35). ಹಸಿರು (0, 255, 0) ಆಗುವುದು (117, 251, 76). ನೀಲಿ (0, 0, 255) ಆಗುವುದು (0, 0, 245). ±1ರ ಒಳಗೆ ಇವು ಬರದಿದ್ದರೆ ನಿಮ್ಮ ಪರಿವರ್ತನೆಯಲ್ಲಿ ದೋಷವಿದೆ.

ತಿರುಗಾಮುರುಗಾ ಹೋದರೆ ಇನ್ನೊಂದು ವಿಷಯ ಕಾಣುತ್ತದೆ. ಪಿ3ಯ ಅಪ್ಪಟ ಕೆಂಪು ಎಸ್‌ಆರ್‌ಜಿಬಿಯ ಡಬ್ಬಿಯಲ್ಲಿ ಹಿಡಿಸುವುದೇ ಇಲ್ಲ. 0–1 ಅಳತೆಯಲ್ಲಿ ಅದು ಸುಮಾರು 1.093, −0.227, −0.150. ಫ್ಲೋಟ್ ಬಳಸುವ ವಿಸ್ತೃತ ಎಸ್‌ಆರ್‌ಜಿಬಿಯಲ್ಲಿ ಈ ಋಣ ಸಂಖ್ಯೆಗಳು ಸರಿಯಾದ ಬೆಲೆಗಳೇ. "ಬಣ್ಣ ಸೊನ್ನೆಗಿಂತ ಕಡಿಮೆ ಇರಬಾರದು" ಎಂದು ನಡುವೆ ಎಲ್ಲೋ ಒಂದು ಕ್ಲ್ಯಾಂಪ್ ಹಾಕಿಬಿಟ್ಟರೆ ಪಿ3 ಅಲ್ಲೇ ಸತ್ತಂತೆ. ಕ್ಲ್ಯಾಂಪ್ ಹಾಕುವುದೇ ಆದರೆ 8 ಬಿಟ್‌ಗೆ ಇಳಿಸುವ ಕೊನೆಯ ಹಂತದಲ್ಲಿ ಹಾಕಿ.

ಟ್ಯಾಗ್ (ಚಿತ್ರ ಯಾವ ಕಲರ್ ಸ್ಪೇಸ್‌ನಲ್ಲಿದೆ ಎಂದು ಫೈಲ್‌ನಲ್ಲಿ ಬರೆದ ಗುರುತು) ಕಳೆದುಹೋದ ಪಿ3 ಚಿತ್ರ ಮಂಕಾಗಿ ಕಾಣುತ್ತದೆ. ಎಸ್‌ಆರ್‌ಜಿಬಿ ಚಿತ್ರಕ್ಕೆ ತಪ್ಪಾಗಿ ಪಿ3 ಟ್ಯಾಗ್ ಅಂಟಿಸಿದರೆ ಬಣ್ಣ ಕಣ್ಣಿಗೆ ಹೊಡೆಯುವಂತಾಗುತ್ತದೆ. ಟ್ಯಾಗ್ ಬದಲಿಸುವುದು ಬೇರೆ, ಬೆಲೆಗಳನ್ನು ಪರಿವರ್ತಿಸುವುದು ಬೇರೆ. ಒಂದು ಮಾಡಿ ಇನ್ನೊಂದನ್ನು ಬಿಟ್ಟಾಗಲೇ ಈ ಎರಡೂ ತೊಂದರೆ ಬರುವುದು.

ಆಂಡ್ರಾಯ್ಡ್‌ನಲ್ಲಿ ಪಿಕ್ಸೆಲ್ ಓದುವಾಗ ಏನು ಎಚ್ಚರ ಬೇಕು?

ಬಿಟ್‌ಮ್ಯಾಪ್‌ನ ಗೆಟ್‌ಪಿಕ್ಸೆಲ್ ಯಾವಾಗಲೂ ಎಸ್‌ಆರ್‌ಜಿಬಿಗೆ ಪರಿವರ್ತಿಸಿದ, ಆಲ್ಫಾದಿಂದ ಗುಣಿಸಿರದ ಬೆಲೆಯನ್ನು ಕೊಡುತ್ತದೆ. ಕಾಪಿಪಿಕ್ಸೆಲ್ಸ್‌ಟುಬಫರ್ ಕೊಡುವುದು ಬಿಟ್‌ಮ್ಯಾಪ್‌ನ ಸ್ವಂತ ಕಲರ್ ಸ್ಪೇಸ್‌ನಲ್ಲಿರುವ ಕಚ್ಚಾ ಬೈಟ್‌ಗಳನ್ನು. ಪಿ3 ಚಿತ್ರದ ಮೇಲೆ ಇವೆರಡೂ ಬೇರೆ ಬೇರೆ ಉತ್ತರ ಕೊಡುತ್ತವೆ, ಎರಡೂ ಸರಿಯೇ. ಕೋಡ್ ಒಂದರಿಂದ ಓದಿ ಟೆಸ್ಟ್ ಇನ್ನೊಂದರಿಂದ ತಾಳೆ ನೋಡಿದರೆ ಗೊಂದಲ ಖಚಿತ.

ಬೈಟ್‌ಗಳ ಕ್ರಮವೂ ಕೈಕೊಡುತ್ತದೆ. ಹೆಸರು ಎಆರ್‌ಜಿಬಿ 8888. ಇಂಟ್ ಆಗಿ ಓದಿದ ಬಣ್ಣದಲ್ಲಿ ಆಲ್ಫಾ ಮೇಲಿನ 8 ಬಿಟ್‌ಗಳಲ್ಲಿ ಇರುತ್ತದೆ. ಮೆಮೊರಿಯಲ್ಲಿ ಮಾತ್ರ ಬೈಟ್‌ಗಳು ಕೆಂಪು, ಹಸಿರು, ನೀಲಿ, ಆಲ್ಫಾ ಎಂಬ ಕ್ರಮದಲ್ಲಿ ಕೂತಿರುತ್ತವೆ. ಇದರ ಜೊತೆಗೆ ಓಪನ್‌ಸಿವಿ ಲೈಬ್ರರಿ ಸೇರಿದರೆ ಇನ್ನೊಂದು ತಿರುವು: ಫೈಲ್‌ನಿಂದ ಓದಿದ ಮ್ಯಾಟ್ (ಅದರಲ್ಲಿ ಚಿತ್ರದ ರೂಪ) ಬಿಜಿಆರ್, ಬಿಟ್‌ಮ್ಯಾಪ್‌ನಿಂದ ಮಾಡಿದ ಮ್ಯಾಟ್ ಆರ್‌ಜಿಬಿಎ. ಟೆಸ್ಟ್ ಫೈಲ್‌ನಿಂದ ಓದುತ್ತದೆ, ಆ್ಯಪ್ ಬಿಟ್‌ಮ್ಯಾಪ್‌ನಿಂದ ಓದುತ್ತದೆ ಎಂದಾದರೆ ಟೆಸ್ಟ್ ಪಾಸ್ ಆಗಿಯೂ ಆ್ಯಪ್‌ನಲ್ಲಿ ಎಲ್ಲರ ಮುಖ ನೀಲಿ.

ಕೋಟ್ಲಿನ್ ಮತ್ತು ಜಾವಾದ ಬೈಟ್‌ಗೆ ಚಿಹ್ನೆ ಉಂಟು. 200 ಎಂಬ ಬೆಲೆ −56 ಎಂದು ಓದಿಬರುತ್ತದೆ. 255ರ ಜೊತೆ ಆಂಡ್ ಮಾಡದೆ ಲೆಕ್ಕಕ್ಕೆ ಇಳಿದರೆ 127ಕ್ಕಿಂತ ಹೊಳಪಾದ ಭಾಗಗಳೆಲ್ಲ ಹಾಳು. ಟೆಸ್ಟ್ ಚಿತ್ರದಲ್ಲಿ 127ರ ಮೇಲಿನ ಬೆಲೆ ಇಲ್ಲದಿದ್ದರೆ ಇದು ಸಿಗುವುದೇ ಇಲ್ಲ.

ಆ್ಯಪ್‌ಗೆ ವಿಶಾಲ ಬಣ್ಣ ಬೇಡವೆಂದರೆ ಸುಲಭದ ದಾರಿ ಇದೆ. ಬಿಟ್‌ಮ್ಯಾಪ್‌ಫ್ಯಾಕ್ಟರಿಯ ಆಯ್ಕೆಗಳಲ್ಲಿ ಇನ್‌ಪ್ರಿಫರ್ಡ್‌ಕಲರ್‌ಸ್ಪೇಸ್ ಅನ್ನು ಎಸ್‌ಆರ್‌ಜಿಬಿ ಎಂದು ಕೊಟ್ಟರೆ ಡಿಕೋಡ್ ಆಗುವಾಗಲೇ ಪರಿವರ್ತನೆ ಮುಗಿಯುತ್ತದೆ. ಆಮೇಲಿನ ಕೋಡ್‌ಗೆ ಒಂದೇ ಕಲರ್ ಸ್ಪೇಸ್. ಫೋಟೊ ಎಡಿಟರ್ ಅಲ್ಲದ ಬಹುತೇಕ ಆ್ಯಪ್‌ಗಳಿಗೆ ಇದೇ ಸರಿಯಾದ ನಿರ್ಧಾರ ಎಂಬುದು ನಮ್ಮ ಅಭಿಪ್ರಾಯ.

ಐಒಎಸ್‌ನಲ್ಲಿ?

ಪಿಕ್ಸೆಲ್ ಓದುವ ಮೊದಲು ಚಿತ್ರವನ್ನು ನೀವೇ ಕಟ್ಟಿದ ಬಿಟ್‌ಮ್ಯಾಪ್ ಕಾಂಟೆಕ್ಸ್ಟ್‌ನಲ್ಲಿ ಬಿಡಿಸಿ: 8 ಬಿಟ್, ಎಸ್‌ಆರ್‌ಜಿಬಿ ಎಂದು ಹೆಸರಿಸಿದ ಕಲರ್ ಸ್ಪೇಸ್, ಪ್ರಿಮಲ್ಟಿಪ್ಲೈಡ್ ಆಲ್ಫಾ (ಬಣ್ಣವನ್ನು ಮೊದಲೇ ಆಲ್ಫಾದಿಂದ ಗುಣಿಸಿಟ್ಟ ರೂಪ), ಬೈಟ್ ಕ್ರಮ ಸ್ಪಷ್ಟವಾಗಿ. ಸಿಜಿಇಮೇಜ್‌ನ ಡೇಟಾ ಪ್ರೊವೈಡರ್‌ನಿಂದ ನೇರ ಬೈಟ್ ಎತ್ತಿದರೆ ಅದು ಆರ್‌ಜಿಬಿಎಯೋ ಬಿಜಿಆರ್‌ಎಯೋ, 8 ಬಿಟ್ಟೋ 16 ಬಿಟ್ಟೋ ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತದೆ.

ಯುಐಗ್ರಾಫಿಕ್ಸ್‌ಇಮೇಜ್‌ರೆಂಡರರ್ ಬಳಸುವಾಗ ಫಾರ್ಮ್ಯಾಟ್‌ನಲ್ಲಿ ಸ್ಕೇಲ್ 1 ಎಂದೂ, ಪ್ರಿಫರ್ಡ್‌ರೇಂಜ್ ಸ್ಟ್ಯಾಂಡರ್ಡ್ ಎಂದೂ ಬರೆಯಿರಿ. ಬರೆಯದಿದ್ದರೆ 100×100 ಎಂದು ಕೇಳಿದ ಚಿತ್ರ ಒಂದು ಫೋನಿನಲ್ಲಿ 200×200, ಇನ್ನೊಂದರಲ್ಲಿ 300×300 ಆಗಿ ಬರುತ್ತದೆ.

ಕೋರ್ ಇಮೇಜ್ ಬಗ್ಗೆ ಗೊತ್ತಿರಬೇಕಾದದ್ದು ಎರಡು. ಅದು ಲೆಕ್ಕ ಮಾಡುವುದು ಲೀನಿಯರ್ ಬೆಳಕಿನಲ್ಲಿ, ಆದ್ದರಿಂದ ನೀವು ಕೈಯಾರೆ ಬರೆದ ಫಿಲ್ಟರ್‌ನ ಫಲಿತಾಂಶದೊಂದಿಗೆ ಅದು ಹೊಂದುವುದಿಲ್ಲ. ವರ್ಕಿಂಗ್ ಕಲರ್ ಸ್ಪೇಸ್‌ಗೆ ಎನ್‌ಎಸ್‌ನಲ್ ಕೊಟ್ಟರೆ ಕಲರ್ ಮ್ಯಾನೇಜ್‌ಮೆಂಟ್ ನಿಲ್ಲುತ್ತದೆ. ಎರಡನೆಯದು, ಅದರ ಮೂಲ ಬಿಂದು ಕೆಳಗಿನ ಎಡಮೂಲೆ. ನಾಲ್ಕು ಮೂಲೆಗೆ ನಾಲ್ಕು ಬಣ್ಣದ ಚಿತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ.

ಲೀನಿಯರ್ ಬೆಳಕು ಎಂದರೇನು? ಅದು ಯಾವಾಗ ಬೇಕು?

ಸಂಖ್ಯೆ ನಿಜ ಬೆಳಕಿನ ಪ್ರಮಾಣದಷ್ಟೇ ಏರಿಳಿಯುವ ಅಳತೆಯೇ ಲೀನಿಯರ್ ಬೆಳಕು. ಎಸ್‌ಆರ್‌ಜಿಬಿಯ 128 ಅರ್ಧ ಬೆಳಕಲ್ಲ. ಅದು ಬಿಳಿಯ ಬೆಳಕಿನ ಶೇ. 21.6 ಮಾತ್ರ. ನಿಜವಾದ ಅರ್ಧ ಬೆಳಕಿನ ಬೆಲೆ 188. ಪರಿವರ್ತನೆಯ ಸೂತ್ರ ಎರಡು ತುಂಡಿನದು: 0–1 ಅಳತೆಯ ಬೆಲೆ 0.04045 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 12.92ರಿಂದ ಭಾಗಿಸಿ, ಹೆಚ್ಚಿದ್ದರೆ 0.055 ಕೂಡಿಸಿ, 1.055ರಿಂದ ಭಾಗಿಸಿ, 2.4ರ ಘಾತಕ್ಕೆ ಏರಿಸಿ. "ಬರೀ 2.2 ಸಾಕು" ಎಂಬ ಅಡ್ಡದಾರಿ ಕತ್ತಲ ಭಾಗದಲ್ಲಿ ತಪ್ಪು ಕೊಡುತ್ತದೆ, ಬೂದು ಏಣಿಯ ಮೊದಲ ಮೆಟ್ಟಿಲುಗಳಲ್ಲೇ ಅದು ಕಾಣುತ್ತದೆ.

ಪಿಕ್ಸೆಲ್‌ಗಳನ್ನು ಬೆರೆಸುವ ಕೆಲಸಗಳು, ಅಂದರೆ ಕುಗ್ಗಿಸುವುದು, ಮಸುಕು ಮಾಡುವುದು, ಒಂದರ ಮೇಲೊಂದು ಹಾಕುವುದು, ಭೌತಿಕವಾಗಿ ಸರಿಯಾಗುವುದು ಲೀನಿಯರ್‌ನಲ್ಲಿ. ಕಪ್ಪು-ಬಿಳುಪು ಚದುರಂಗವನ್ನು ಅರ್ಧಕ್ಕೆ ಕುಗ್ಗಿಸಿ ನೋಡಿ. 128 ಬಂದರೆ ಕೋಡ್ ಎನ್‌ಕೋಡ್ ಆದ ಬೆಲೆಗಳ ಮೇಲೆ ಸರಾಸರಿ ಮಾಡಿದೆ, 188 ಬಂದರೆ ಲೀನಿಯರ್‌ನಲ್ಲಿ ಮಾಡಿದೆ. ಯಾವುದು ಬೇಕೆಂದು ಮೊದಲೇ ನಿರ್ಧರಿಸಿ ಟೆಸ್ಟ್‌ನಲ್ಲಿ ಬರೆದಿಡಿ. ಸಣ್ಣ ಥಂಬ್‌ನೇಲ್‌ಗೆ 128 ತೊಂದರೆಯಿಲ್ಲ. ರಾತ್ರಿಯ ದೀಪಗಳ ಫೋಟೊ ಕುಗ್ಗಿಸುವಾಗ ದೀಪಗಳು ಮಂಕಾದವು ಎಂಬ ದೂರು ಬರುವುದು ಇದರಿಂದಲೇ.

ಇಲ್ಲಿ ಬಹಳ ಜನ ಬೀಳುವ ಗುಂಡಿ ಒಂದಿದೆ: ಲೀನಿಯರ್ ಬೆಲೆಗಳನ್ನು 8 ಬಿಟ್‌ನಲ್ಲಿ ಇಡುವುದು. ಹಾಗೆ ಮಾಡಿದರೆ ಎಸ್‌ಆರ್‌ಜಿಬಿಯ 0ರಿಂದ 6ರವರೆಗಿನ ಏಳೂ ಬೆಲೆಗಳು ಸೊನ್ನೆಯಾಗುತ್ತವೆ. 7ರಿಂದ 17ರವರೆಗಿನವು ಒಂದೇ ಮೆಟ್ಟಿಲಿಗೆ ಕುಸಿದು, ಹಿಂದಿರುಗುವಾಗ 13 ಆಗುತ್ತವೆ. ನೆರಳಿನ ಜಾಗದಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುವುದು ಅದೇ. ನಡುವಿನ ಬಫರ್ 16 ಬಿಟ್ ಅಥವಾ ಹಾಫ್ ಫ್ಲೋಟ್ ಇರಲಿ. ಟೆಸ್ಟ್ ಸರಳ: 256 ಬೆಲೆಗಳನ್ನೂ ಲೀನಿಯರ್‌ಗೆ ಕಳಿಸಿ ವಾಪಸ್ ತನ್ನಿ, 256ಕ್ಕೆ 256 ಹಾಗೆಯೇ ಬರಬೇಕು. ಇಲ್ಲಿ ±1ರ ರಿಯಾಯಿತಿಯೂ ಬೇಡ.

ಜಿಪಿಯುನಲ್ಲಿ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. ಐಒಎಸ್‌ನ ಗ್ರಾಫಿಕ್ಸ್ ವ್ಯವಸ್ಥೆಯಾದ ಮೆಟಲ್‌ನಲ್ಲಿ ಹೆಸರಿನ ಕೊನೆಗೆ ಎಸ್‌ಆರ್‌ಜಿಬಿ ಇರುವ ಪಿಕ್ಸೆಲ್ ಫಾರ್ಮ್ಯಾಟ್ ಓದುವಾಗ ತಾನೇ ಲೀನಿಯರ್ ಮಾಡುತ್ತದೆ, ಬರೆಯುವಾಗ ತಾನೇ ಎನ್‌ಕೋಡ್ ಮಾಡುತ್ತದೆ. ಓದುವ ಟೆಕ್ಸ್ಚರ್ ಸಾದಾ, ಬರೆಯುವುದು ಎಸ್‌ಆರ್‌ಜಿಬಿ ಆದರೆ 128 ಹೋಗಿ 188 ಆಗುತ್ತದೆ. ಏನೂ ಮಾಡದ ಶೇಡರ್ ಒಂದನ್ನು ಬರೆದು ಬೂದು ಏಣಿಯನ್ನು ಅದರ ಮೂಲಕ ಹಾಯಿಸುವ ಟೆಸ್ಟ್ ಪ್ರತಿ ಪ್ರಾಜೆಕ್ಟ್‌ನಲ್ಲೂ ಇರಬೇಕು.

ಕ್ಯಾಮೆರಾದ ವೈಯುವಿ ಫ್ರೇಮ್‌ಗಳನ್ನು ಹೇಗೆ ಟೆಸ್ಟ್ ಮಾಡುವುದು?

ವೈಯುವಿ ಎಂದರೆ ಹೊಳಪನ್ನು (ವೈ) ಬಣ್ಣದಿಂದ (ಯು ಮತ್ತು ವಿ, ಅಥವಾ ಸಿಬಿ ಮತ್ತು ಸಿಆರ್) ಬೇರೆಯಾಗಿಡುವ ರೂಪ. ಮೊದಲು ಮೆಮೊರಿಯ ಜೋಡಣೆ. ಆಂಡ್ರಾಯ್ಡ್‌ನ ವೈಯುವಿ 420 888ರಲ್ಲಿ ಮೂರು ಪ್ಲೇನ್. ವೈ ಪ್ಲೇನ್‌ನ ಪಿಕ್ಸೆಲ್ ಸ್ಟ್ರೈಡ್ (ಒಂದು ಪಿಕ್ಸೆಲ್‌ನಿಂದ ಮುಂದಿನದಕ್ಕೆ ಎಷ್ಟು ಬೈಟ್ ದೂರ ಎಂಬುದು) ಯಾವಾಗಲೂ 1. ಯು ಮತ್ತು ವಿ ಪ್ಲೇನ್‌ಗಳದ್ದು ಒಂದು ಫೋನಿನಲ್ಲಿ 1, ಇನ್ನೊಂದರಲ್ಲಿ 2. ಸಾಲಿನ ಸ್ಟ್ರೈಡ್ ಅಗಲಕ್ಕಿಂತ ಹೆಚ್ಚಿರಬಹುದು. ಕೊನೆಯ ಸಾಲು ಮಾತ್ರ ಪೂರ್ತಿ ಸ್ಟ್ರೈಡ್‌ನಷ್ಟು ಉದ್ದ ಇಲ್ಲದೆಯೂ ಇರಬಹುದು. ಸ್ಟ್ರೈಡ್‌ಗೆ ಎತ್ತರ ಗುಣಿಸಿ ಅಷ್ಟು ಬೈಟ್ ನಕಲಿಸುವ ಕೋಡ್ ಆಗ ಬಫರ್‌ನಾಚೆ ಓದಿ ಕ್ರ್ಯಾಶ್ ಆಗುತ್ತದೆ. ಹಸಿರು ಓರೆ ಗೆರೆಗಳು, ಓರೆಯಾಗಿ ಎಳೆದಂತೆ ಕಾಣುವ ಚಿತ್ರ: ಇವು ಸ್ಟ್ರೈಡ್ ತಪ್ಪಿನ ಗುರುತು.

ಟೆಸ್ಟ್‌ಗೆ ನಿಜ ಕ್ಯಾಮೆರಾ ಬೇಡ. 6×4 ಅಳತೆಯ ಫ್ರೇಮ್ ಅನ್ನು ಕೈಯಾರೆ ಕಟ್ಟಿ: ಸಾಲಿನ ಸ್ಟ್ರೈಡ್ 6, 8, 16, ಪಿಕ್ಸೆಲ್ ಸ್ಟ್ರೈಡ್ 1 ಮತ್ತು 2, ಕೊನೆಯ ಸಾಲು ತುಂಡಾದದ್ದು, ಆಗದ್ದು. ಪ್ಯಾಡಿಂಗ್ ಜಾಗಕ್ಕೆ ಚಿತ್ರದಲ್ಲಿ ಎಲ್ಲೂ ಇಲ್ಲದ ಬೆಲೆ ತುಂಬಿಸಿ. ಎಲ್ಲ ಜೋಡಣೆಗಳಿಂದಲೂ ಒಂದೇ ಫಲಿತಾಂಶ ಬರಬೇಕು.

ಆಮೇಲೆ ಬಣ್ಣ. ತಪ್ಪುವುದು ಎರಡು ಕಡೆ, ಅವುಗಳ ಲಕ್ಷಣ ಬೇರೆ ಬೇರೆ.

ವ್ಯಾಪ್ತಿ: ಸೀಮಿತ ವ್ಯಾಪ್ತಿಯಲ್ಲಿ ವೈ 16ರಿಂದ 235, ಬಣ್ಣದ ಚಾನೆಲ್‌ಗಳು 16ರಿಂದ 240. ಅದನ್ನು ಪೂರ್ಣ ವ್ಯಾಪ್ತಿ ಎಂದು ಓದಿದರೆ ಕಪ್ಪು 16ಕ್ಕೆ ಏರಿ, ಬಿಳಿ 235ಕ್ಕೆ ಇಳಿದು, ಚಿತ್ರದ ಮೇಲೆ ಮಂಜು ಕವಿದಂತಾಗುತ್ತದೆ. ಪೂರ್ಣವನ್ನು ಸೀಮಿತ ಎಂದು ಓದಿದರೆ ನೆರಳು ಮತ್ತು ಹೊಳಪು ಎರಡೂ ಕತ್ತರಿಸಿಹೋಗುತ್ತವೆ. ಇದನ್ನು ಹಿಡಿಯಲು ಬೂದು ಏಣಿ.

ಮ್ಯಾಟ್ರಿಕ್ಸ್: ಸಾಮಾನ್ಯ ಜೆಪೆಗ್ ಬಳಸುವುದು ಬಿಟಿ.601, ಪೂರ್ಣ ವ್ಯಾಪ್ತಿ. ಎಚ್‌ಡಿ ವಿಡಿಯೊ ಬಿಟಿ.709. 601ರಲ್ಲಿ ಎನ್‌ಕೋಡ್ ಆದ ಅಪ್ಪಟ ಕೆಂಪು (ವೈ 76, ಸಿಬಿ 85, ಸಿಆರ್ 255) 709ರಿಂದ ಬಿಚ್ಚಿದರೆ (255, 25, 0) ಆಗುತ್ತದೆ. ಹಸಿರು (0, 255, 0) ಹೋಗಿ (0, 216, 0). ಕೆಂಪಿನ ವ್ಯತ್ಯಾಸ ಕಣ್ಣಿಗೆ ಹೊಳೆಯದೇ ಹೋಗಬಹುದು, ಹಸಿರಿನದು ಕಾಣುತ್ತದೆ. ಆದ್ದರಿಂದ ಹಸಿರು ತುಂಡನ್ನು ಬಿಡಬೇಡಿ.

ಯಾವ ಮ್ಯಾಟ್ರಿಕ್ಸ್ ಎಂದು ಊಹಿಸಬೇಕಾಗಿಲ್ಲ. ಐಒಎಸ್‌ನಲ್ಲಿ ಪಿಕ್ಸೆಲ್ ಬಫರ್‌ನ ಅಟ್ಯಾಚ್‌ಮೆಂಟ್‌ನಲ್ಲಿ ಅದು ಬರೆದಿರುತ್ತದೆ, ಫಾರ್ಮ್ಯಾಟ್‌ನ ಹೆಸರಲ್ಲೇ ವಿಡಿಯೊ ರೇಂಜ್, ಫುಲ್ ರೇಂಜ್ ಎಂದಿರುತ್ತದೆ. ಆಂಡ್ರಾಯ್ಡ್ 13ರಿಂದ ಇಮೇಜ್‌ನ ಡೇಟಾಸ್ಪೇಸ್ ಕೇಳಬಹುದು.

ಪಾರದರ್ಶಕ ಅಂಚುಗಳಲ್ಲಿ ಕಪ್ಪು ಗೆರೆ ಬರುತ್ತದೆ. ಎಲ್ಲಿ ತಪ್ಪು?

ಆಲ್ಫಾದಿಂದ ಗುಣಿಸದ ಬೆಲೆಗಳ ಮೇಲೆ ಬ್ಲರ್ ಅಥವಾ ಕುಗ್ಗಿಸುವ ಕೆಲಸ ನಡೆದಿದೆ. ಅಪಾರದರ್ಶಕ ಕೆಂಪು ಪಿಕ್ಸೆಲ್ ಪಕ್ಕದಲ್ಲಿ ಪೂರ್ತಿ ಪಾರದರ್ಶಕ ಪಿಕ್ಸೆಲ್ ಇದೆ ಎನ್ನಿ. ಕಾಣದ ಆ ಪಿಕ್ಸೆಲ್‌ನ ಬಣ್ಣ ಸಾಮಾನ್ಯವಾಗಿ (0, 0, 0). ನೇರವಾಗಿ ಸರಾಸರಿ ಮಾಡಿದರೆ ಕೆಂಪು 128, ಆಲ್ಫಾ 128: ಕಂದುಗಟ್ಟಿದ ಕೆಂಪು. ಪ್ರಿಮಲ್ಟಿಪ್ಲೈ ಮಾಡಿ ಸರಾಸರಿ ಮಾಡಿದರೆ ಬಣ್ಣ 255ರ ಕೆಂಪಾಗಿಯೇ ಉಳಿದು ಆಲ್ಫಾ ಮಾತ್ರ ಅರ್ಧವಾಗುತ್ತದೆ. ಬೆರೆಸುವ ಮೊದಲು ಗುಣಿಸಿ, ಮುಗಿದ ಮೇಲೆ ಬೇಕಿದ್ದರೆ ಭಾಗಿಸಿ.

ಟೆಸ್ಟ್ ಬರೆಯುವಾಗ ಒಂದು ಮಾತು. 8 ಬಿಟ್‌ನಲ್ಲಿ ಗುಣಿಸಿ ಭಾಗಿಸಿದರೆ ಕಡಿಮೆ ಆಲ್ಫಾದಲ್ಲಿ ಬಣ್ಣ ಉಳಿಯುವುದಿಲ್ಲ. (200, 100, 50) ಆಲ್ಫಾ 10ರಲ್ಲಿ ಹೋಗಿ ಬಂದರೆ (204, 102, 51). ಆಲ್ಫಾ 3ರಲ್ಲಿ (170, 85, 85), ಅಂದರೆ ಬಣ್ಣದ ಛಾಯೆಯೇ ಬದಲು. ಇದು ನಿಮ್ಮ ಕೋಡ್‌ನ ದೋಷವಲ್ಲ. ಆದ್ದರಿಂದ ಇಂಥ ಚಿತ್ರಗಳನ್ನು ತಾಳೆ ನೋಡುವಾಗ ಪ್ರಿಮಲ್ಟಿಪ್ಲೈಡ್ ಬೆಲೆಗಳನ್ನೇ ಹೋಲಿಸಿ.

ಎಷ್ಟು ವ್ಯತ್ಯಾಸವನ್ನು ಒಪ್ಪಬೇಕು?

ಕೆಲಸಕ್ಕೆ ತಕ್ಕಂತೆ. ತಿರುಗಿಸುವುದು, ಮಗುಚುವುದು, ಕತ್ತರಿಸುವುದು, ಚಾನೆಲ್ ಬದಲಿಸುವುದು: ಸೊನ್ನೆ. ಒಂದು ಹಂತದ ಬಣ್ಣ ಪರಿವರ್ತನೆ: ±1. ಪೂರ್ಣಾಂಕದ ವೈಯುವಿ ಪರಿವರ್ತನೆ: ±2. ಜೆಪೆಗ್ ಮೂಲಕ ಹಾದುಬಂದದ್ದಾದರೆ ಸಮತಟ್ಟು ಬಣ್ಣದ ದೊಡ್ಡ ತುಂಡಿನ ನಡುಭಾಗವನ್ನು ಮಾತ್ರ ನೋಡಿ. ಬಣ್ಣದ ಅಂಚುಗಳಲ್ಲಿ ಕ್ರೋಮಾ ಹಿಗ್ಗಿಸುವ ವಿಧಾನ ಡಿಕೋಡರ್‌ನಿಂದ ಡಿಕೋಡರ್‌ಗೆ ಬೇರೆ.

ಪಿಎಸ್‌ಎನ್‌ಆರ್ (ಸರಾಸರಿ ವರ್ಗದೋಷದಿಂದ ಲೆಕ್ಕ ಹಾಕುವ ಹೋಲಿಕೆಯ ಅಳತೆ) ಒಂದನ್ನೇ ನಂಬಬೇಡಿ. 1000×1000 ಬೂದು ಚಿತ್ರದಲ್ಲಿ 10×10 ಚೌಕವೊಂದು ಪೂರ್ತಿ ಕೆಟ್ಟು 100ರಷ್ಟು ಬೆಲೆ ತಪ್ಪಿದರೂ ಸರಾಸರಿ ವರ್ಗದೋಷ ಬರೀ 1, ಪಿಎಸ್‌ಎನ್‌ಆರ್ 48.1 ಡೆಸಿಬೆಲ್. "40ಕ್ಕಿಂತ ಹೆಚ್ಚಿದ್ದರೆ ಪಾಸ್" ಎಂದು ಬರೆದ ಟೆಸ್ಟ್ ಅದನ್ನು ದಾಟಿಸಿ ಬಿಡುತ್ತದೆ. ಎಸ್‌ಎಸ್‌ಐಎಂ ಎಂಬ ಇನ್ನೊಂದು ಹೋಲಿಕೆಯ ಅಳತೆ ಸಾಮಾನ್ಯವಾಗಿ ಹೊಳಪಿನ ಮೇಲೆ ಮಾತ್ರ ಲೆಕ್ಕ ಹಾಕುವುದರಿಂದ ಹೊಳಪು ಬದಲಾಗದೆ ಬಣ್ಣವಷ್ಟೇ ಜಾರಿದ್ದನ್ನು ಗಮನಿಸುವುದಿಲ್ಲ.

ಮೂರು ಸಂಖ್ಯೆ ಒಟ್ಟಿಗೆ ನೋಡಿ: ಗರಿಷ್ಠ ವ್ಯತ್ಯಾಸ, ಮಿತಿ ದಾಟಿದ ಪಿಕ್ಸೆಲ್‌ಗಳ ಎಣಿಕೆ, ಮತ್ತು ಚಿಹ್ನೆ ಉಳಿಸಿಕೊಂಡ ಸರಾಸರಿ ವ್ಯತ್ಯಾಸ. ಈ ಮೂರನೆಯದನ್ನು ಬಹಳ ಜನ ಬಿಡುತ್ತಾರೆ, ಅದು ಬಲು ಉಪಯೋಗಿ. 255ರಿಂದ ಗುಣಿಸಿ ದಶಮಾಂಶವನ್ನು ಕತ್ತರಿಸಿಬಿಟ್ಟರೆ ಪ್ರತಿ ಪಿಕ್ಸೆಲ್‌ನ ತಪ್ಪು ±1ರ ಒಳಗೇ ಇರುತ್ತದೆ, ಆದರೆ ಸರಾಸರಿ −0.5ರ ಸುತ್ತ ನಿಲ್ಲುತ್ತದೆ. ಹತ್ತು ಫಿಲ್ಟರ್ ಸಾಲಾಗಿ ಹಾಕಿದರೆ ಚಿತ್ರ ಕಪ್ಪಾಗುತ್ತಾ ಹೋಗುತ್ತದೆ. 0.5 ಕೂಡಿಸಿ ಕತ್ತರಿಸಿ.

ಟೆಸ್ಟ್ ಫೇಲ್ ಆದಾಗಲೆಲ್ಲ ಮಿತಿಯನ್ನು ಒಂದೊಂದೇ ಹೆಚ್ಚಿಸುವ ಅಭ್ಯಾಸ ಕೆಟ್ಟದ್ದು. ಮಿತಿ ಏಕೆ ಅಷ್ಟು ಎಂಬ ಕಾರಣ ಟೆಸ್ಟ್‌ನ ಪಕ್ಕದಲ್ಲೇ ಬರೆದಿರಲಿ.

ಸರಿಯಾದ ಉತ್ತರ ನಮಗೇ ಗೊತ್ತಿಲ್ಲದ ಫಿಲ್ಟರ್ ಅನ್ನು ಹೇಗೆ ಟೆಸ್ಟ್ ಮಾಡುವುದು?

ಉತ್ತರ ಗೊತ್ತಿಲ್ಲದಿದ್ದರೂ ಉತ್ತರದ ಗುಣ ಗೊತ್ತಿರುತ್ತದೆ. ಸಮತಟ್ಟು ಬಣ್ಣದ ಚಿತ್ರಕ್ಕೆ ಬ್ಲರ್ ಹಾಕಿದರೆ ಅದು ಹಾಗೆಯೇ ಉಳಿಯಬೇಕು, ಅಂಚಿನ ಪಿಕ್ಸೆಲ್‌ಗಳೂ ಸೇರಿ. ಅಂಚು ಕಪ್ಪಾದರೆ ಚಿತ್ರದಾಚೆಯ ಜಾಗವನ್ನು ಸೊನ್ನೆ ಎಂದು ಓದುತ್ತಿದ್ದೀರಿ. ಮಗುಚಿ ಬ್ಲರ್ ಮಾಡಿದ್ದೂ ಬ್ಲರ್ ಮಾಡಿ ಮಗುಚಿದ್ದೂ ಒಂದೇ ಆಗಬೇಕು. 90 ಡಿಗ್ರಿಯಂತೆ ನಾಲ್ಕು ಸಲ ತಿರುಗಿಸಿದರೆ ಮೂಲ ಚಿತ್ರ. ಶಕ್ತಿ 0 ಕೊಟ್ಟ ಫಿಲ್ಟರ್ ಏನೂ ಮಾಡಬಾರದು.

ಬಣ್ಣದ ಎಲ್‌ಯುಟಿಗೆ (ಒಂದು ಬಣ್ಣಕ್ಕೆ ಬದಲಾಗಿ ಯಾವ ಬಣ್ಣ ಎಂದು ಹೇಳುವ ಟೇಬಲ್) ಐಡೆಂಟಿಟಿ ಎಲ್‌ಯುಟಿ, ಅಂದರೆ ಬಂದದ್ದನ್ನೇ ಕೊಡುವ ಟೇಬಲ್, ಒಳ್ಳೆಯ ಪರೀಕ್ಷೆ. 33×33×33ರ ಎಲ್‌ಯುಟಿಯಲ್ಲಿ 35,937 ಬಿಂದುಗಳು. ಅದನ್ನು 3ಡಿ ಟೆಕ್ಸ್ಚರ್ ಆಗಿ ಓದುವಾಗ ಬಣ್ಣವನ್ನು 32ರಿಂದ ಗುಣಿಸಿ, 0.5 ಕೂಡಿಸಿ, 33ರಿಂದ ಭಾಗಿಸಬೇಕು. ಆ ಅರ್ಧ ಟೆಕ್ಸೆಲ್ ಮರೆತರೆ ಕಪ್ಪು ಮತ್ತು ಬಿಳಿಯ ತುದಿಗಳು ಚಪ್ಪಟೆಯಾಗುತ್ತವೆ.

ದೊಡ್ಡ ಚಿತ್ರವನ್ನು ತುಂಡು ತುಂಡಾಗಿ ಸಂಸ್ಕರಿಸುವ ಕೋಡ್ ಇದ್ದರೆ (4000×3000 ಚಿತ್ರಕ್ಕೆ 8 ಬಿಟ್‌ನಲ್ಲೇ 48 ಮಿಲಿಯನ್ ಬೈಟ್, ಹಾಫ್ ಫ್ಲೋಟ್‌ನಲ್ಲಿ 96 ಮಿಲಿಯನ್, ತುಂಡು ಮಾಡದೆ ವಿಧಿಯಿಲ್ಲ) ತುಂಡಿನ ಫಲಿತಾಂಶ ಮತ್ತು ಇಡೀ ಚಿತ್ರದ ಫಲಿತಾಂಶ ಒಂದು ಬೈಟೂ ಬದಲಾಗದಂತೆ ಹೊಂದಬೇಕು. ಹೊಲಿಗೆ ಕಂಡರೆ ತುಂಡುಗಳ ನಡುವಿನ ಅತಿಕ್ರಮಣ ಕರ್ನಲ್‌ನ ತ್ರಿಜ್ಯಕ್ಕಿಂತ ಕಡಿಮೆ ಇದೆ.

ಟೆಸ್ಟ್‌ಗಳನ್ನು ಕಂಪ್ಯೂಟರ್‌ನಲ್ಲೇ ನಡೆಸಿದರೆ ಸಾಲದೆ?

ಗಣಿತಕ್ಕೆ ಸಾಕು. ಪಿಕ್ಸೆಲ್ ಲೆಕ್ಕವನ್ನು ಬಿಟ್‌ಮ್ಯಾಪ್, ಯುಐಇಮೇಜ್ ಇವುಗಳಿಂದ ಬಿಡಿಸಿ, ಬರೀ ಅರೇ ತೆಗೆದುಕೊಂಡು ಅರೇ ಕೊಡುವ ಫಂಕ್ಷನ್‌ಗಳಾಗಿ ಬರೆಯಿರಿ. ಸಾವಿರಾರು ಟೆಸ್ಟ್ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತವೆ.

ಆಂಡ್ರಾಯ್ಡ್‌ನ ಲೋಕಲ್ ಯೂನಿಟ್ ಟೆಸ್ಟ್‌ನಲ್ಲಿ ಬಿಟ್‌ಮ್ಯಾಪ್ ನಿಜವಾದದ್ದಲ್ಲ. ರಿಟರ್ನ್‌ಡೀಫಾಲ್ಟ್‌ವ್ಯಾಲ್ಯೂಸ್ ಹಾಕಿದ್ದರೆ ಎಲ್ಲ ಕರೆಗಳೂ ಸೊನ್ನೆ ಅಥವಾ ನಲ್ ಕೊಡುತ್ತವೆ. ನಿರೀಕ್ಷಿತ ಬೆಲೆ ಕಪ್ಪು ಆಗಿದ್ದರೆ ಟೆಸ್ಟ್ ಸುಳ್ಳೇ ಪಾಸ್. ರೋಬೊಲೆಕ್ಟ್ರಿಕ್ ಬಳಸುವವರು ಅದರ ನೇಟಿವ್ ಗ್ರಾಫಿಕ್ಸ್ ಮೋಡ್ ಆನ್ ಮಾಡಿ.

ಶೇಡರ್‌ಗಳಿಗೆ ಮಾತ್ರ ನಿಜ ಫೋನ್ ಬೇಕೇ ಬೇಕು. ಮೀಡಿಯಂಪಿ (ಮಧ್ಯಮ ನಿಖರತೆ) ಎಂದು ಬರೆದ ಸಂಖ್ಯೆಯನ್ನು ಫೋನಿನ ಜಿಪಿಯು 16 ಬಿಟ್‌ನಲ್ಲಿ ಲೆಕ್ಕ ಹಾಕಬಹುದು, ಕಂಪ್ಯೂಟರ್‌ನ ಜಿಪಿಯು ಸಾಮಾನ್ಯವಾಗಿ 32 ಬಿಟ್‌ನಲ್ಲಿ ಹಾಕುತ್ತದೆ. 16 ಬಿಟ್ ಫ್ಲೋಟ್ ಪೂರ್ಣಾಂಕಗಳನ್ನು ಸಾಲಾಗಿ ಹಿಡಿಯುವುದು 2048ರವರೆಗೆ. 4000 ಪಿಕ್ಸೆಲ್ ಅಗಲದ ಚಿತ್ರದ ಬಲಭಾಗ ಫೋನಿನಲ್ಲಿ ಚೌಕ ಚೌಕವಾಗಿ ಒಡೆದು, ಎಮ್ಯುಲೇಟರ್‌ನಲ್ಲಿ ನುಣ್ಣಗೆ ಕಾಣುವುದು ಇದರಿಂದ. ಬಣ್ಣಕ್ಕೆ ಮೀಡಿಯಂಪಿ ಸರಿ, ನಿರ್ದೇಶಾಂಕಕ್ಕೆ ಹೈಪಿ. ಕನಿಷ್ಠ ಒಂದು ಅಡ್ರಿನೊ, ಒಂದು ಮಾಲಿ ಜಿಪಿಯು ಇರುವ ಫೋನಿನಲ್ಲಿ ಟೆಸ್ಟ್ ಓಡಲಿ.

ಗೋಲ್ಡನ್ ಚಿತ್ರದ (ಟೆಸ್ಟ್ ತಾಳೆ ನೋಡಲು ಇಟ್ಟ ಸರಿಯಾದ ಉತ್ತರದ) ಫೈಲೇ ಬದಲಾದಂತಿದೆ. ಸಾಧ್ಯವೇ?

ಸಾಧ್ಯ. ಆಂಡ್ರಾಯ್ಡ್‌ನಲ್ಲಿ ಡ್ರಾಯಬಲ್ ಫೋಲ್ಡರ್‌ನಲ್ಲಿಟ್ಟ ಚಿತ್ರ ಫೋನಿನ ಡೆನ್ಸಿಟಿಗೆ ತಕ್ಕಂತೆ ಹಿಗ್ಗಿ ಬರುತ್ತದೆ. ಟೆಸ್ಟ್‌ನ ಅಸೆಟ್ಸ್ ಫೋಲ್ಡರ್‌ನಲ್ಲಿಡಿ. ಎಕ್ಸ್‌ಕೋಡ್ ಬಿಲ್ಡ್ ಮಾಡುವಾಗ ಪಿಎನ್‌ಜಿಗಳನ್ನು ಐಒಎಸ್‌ಗೆಂದು ಬೈಟ್ ಕ್ರಮ ಬದಲಿಸಿ, ಪ್ರಿಮಲ್ಟಿಪ್ಲೈ ಮಾಡಿ ಮತ್ತೆ ಬರೆಯಬಲ್ಲದು. ಟೆಸ್ಟ್ ಟಾರ್ಗೆಟ್‌ಗೆ ಪಿಎನ್‌ಜಿ ಸಂಕುಚನದ ಸೆಟ್ಟಿಂಗ್ ಆಫ್ ಮಾಡಿ. ಗೋಲ್ಡನ್ ಚಿತ್ರ ಎಂದೂ ಜೆಪೆಗ್ ಆಗಿರಬಾರದು.

ಫೋಟೊ ಅಡ್ಡ ತಿರುಗಿ ಬರುತ್ತದೆ.

ಕಾರಣ ಎಕ್ಸಿಫ್ ಓರಿಯೆಂಟೇಶನ್, ಅಂದರೆ ಫೋಟೊ ಫೈಲ್‌ನಲ್ಲಿ ಬರೆದಿಟ್ಟ ದಿಕ್ಕಿನ ಸಂಖ್ಯೆ. ಬೆಲೆ 1ರಿಂದ 8. 6 ಎಂದರೆ ತೋರಿಸುವಾಗ ಗಡಿಯಾರದ ದಿಕ್ಕಿಗೆ 90 ಡಿಗ್ರಿ ತಿರುಗಿಸಬೇಕು. ಬಿಟ್‌ಮ್ಯಾಪ್‌ಫ್ಯಾಕ್ಟರಿ ಅದನ್ನು ಗಮನಿಸುವುದಿಲ್ಲ, ಆಂಡ್ರಾಯ್ಡ್ 9ರಲ್ಲಿ ಬಂದ ಇಮೇಜ್‌ಡಿಕೋಡರ್ ತಾನೇ ತಿರುಗಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಾದ ಮೇಲೂ ಹಳೆಯ ತಿರುಗಿಸುವ ಕೋಡ್ ಉಳಿದಿದ್ದರೆ ಎರಡು ಸಲ ತಿರುಗುತ್ತದೆ. ಯುಐಇಮೇಜ್‌ನಿಂದ ಸಿಜಿಇಮೇಜ್ ತೆಗೆದಾಗ ದಿಕ್ಕಿನ ಮಾಹಿತಿ ಹಿಂದೆಯೇ ಉಳಿಯುತ್ತದೆ. ಎಂಟೂ ಬೆಲೆಗೆ ಒಂದೊಂದು ಫೈಲ್ ಇಟ್ಟುಕೊಳ್ಳಿ, 2, 4, 5, 7 ಕನ್ನಡಿ ಬಿಂಬಗಳು ಎಂಬುದನ್ನು ಮರೆಯದೆ.

ಫೋನಿನ ಪರದೆ ನಿಜವಾಗಿ ಪಿ3 ತೋರಿಸುತ್ತಿದೆಯೇ ಎಂದು ಹೇಗೆ ತಿಳಿಯುವುದು?

ಪಿ3 ಟ್ಯಾಗ್ ಇರುವ ಚಿತ್ರ ಮಾಡಿ: ನೆಲ (255, 0, 0), ನಡುವೆ (234, 51, 35)ರ ವೃತ್ತ. ಈ ವೃತ್ತ ಎಸ್‌ಆರ್‌ಜಿಬಿಯ ಅಪ್ಪಟ ಕೆಂಪೇ. ದಾರಿಯಲ್ಲಿ ಎಲ್ಲಾದರೂ ಎಸ್‌ಆರ್‌ಜಿಬಿಗೆ ಕತ್ತರಿಸಿದ್ದರೆ ನೆಲ ಮತ್ತು ವೃತ್ತ ಒಂದಾಗಿ ವೃತ್ತ ಮಾಯವಾಗುತ್ತದೆ. ವೃತ್ತ ಕಂಡ ಮಾತ್ರಕ್ಕೆ ಎಲ್ಲ ಸರಿ ಎನ್ನಬೇಡಿ. ಟ್ಯಾಗ್ ಅನ್ನೇ ಕಡೆಗಣಿಸಿದಾಗಲೂ ವೃತ್ತ ಕಾಣುತ್ತದೆ. ಅದಕ್ಕೆ ಪಕ್ಕದಲ್ಲಿ ಎಸ್‌ಆರ್‌ಜಿಬಿ ಟ್ಯಾಗ್‌ನ (255, 0, 0) ಚೌಕ ಇಡಿ. ಚೌಕ ಮತ್ತು ವೃತ್ತ ಒಂದೇ ಬಣ್ಣ ಇರಬೇಕು. ಆಂಡ್ರಾಯ್ಡ್‌ನಲ್ಲಿ ಆ್ಯಕ್ಟಿವಿಟಿಯ ಕಲರ್‌ಮೋಡ್ ಅನ್ನು ವೈಡ್‌ಕಲರ್‌ಗ್ಯಾಮಟ್ ಎಂದು ಕೇಳಿರದಿದ್ದರೆ ಪರದೆಗೆ ಸಾಮರ್ಥ್ಯವಿದ್ದರೂ ವೃತ್ತ ಕಾಣುವುದಿಲ್ಲ.

ಎಚ್‌ಡಿಆರ್ ಫೋಟೊಗಳಿಗೆ ಬೇರೆ ಟೆಸ್ಟ್ ಬೇಕೇ?

ಬೇಕು. ಆಂಡ್ರಾಯ್ಡ್ 14ರ ಅಲ್ಟ್ರಾ ಎಚ್‌ಡಿಆರ್ ಎಂದರೆ ಸಾಮಾನ್ಯ ಜೆಪೆಗ್ ಜೊತೆಗೆ ಗೇನ್ ಮ್ಯಾಪ್ ಎಂಬ ಇನ್ನೊಂದು ಸಣ್ಣ ಚಿತ್ರ. ಫೋಟೊ ಕತ್ತರಿಸಿದಾಗ, ತಿರುಗಿಸಿದಾಗ ಗೇನ್ ಮ್ಯಾಪ್‌ಗೂ ಅದೇ ಆಗಬೇಕು. ಆಗದಿದ್ದರೆ ಹೊಳಪು ತಪ್ಪು ಜಾಗದಲ್ಲಿ ಬೆಳಗುತ್ತದೆ. ಪಿಕ್ಸೆಲ್‌ಗಳನ್ನು ಹೊಸ ಬಿಟ್‌ಮ್ಯಾಪ್‌ಗೆ ನಕಲಿಸುವ ಕೋಡ್ ಗೇನ್ ಮ್ಯಾಪ್ ಅನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹ್ಯಾಸ್‌ಗೇನ್‌ಮ್ಯಾಪ್ ಕರೆದು ಒಳಹೋದಾಗ ಇದ್ದದ್ದು ಹೊರಬಂದಾಗಲೂ ಇದೆಯೇ ನೋಡಿ.

"ಬಣ್ಣ ಸರಿಯಿಲ್ಲ" ಎಂಬ ದೂರು ಬಂದಾಗ ಎಲ್ಲಿಂದ ಹುಡುಕಲು ಶುರು ಮಾಡಬೇಕು?

ಮೂಲ ಫೈಲ್ ಕೇಳಿ ಪಡೆಯಿರಿ, ಸ್ಕ್ರೀನ್‌ಶಾಟ್ ಅಲ್ಲ. ಅದರ ಐಸಿಸಿ ಪ್ರೊಫೈಲ್ (ಫೈಲ್‌ನೊಳಗಿನ ಕಲರ್ ಸ್ಪೇಸ್‌ನ ವಿವರ) ನೋಡಿ. ಎಕ್ಸಿಫ್‌ನ ಕಲರ್‌ಸ್ಪೇಸ್ 1 ಎಂದರೆ ಎಸ್‌ಆರ್‌ಜಿಬಿ, 65535 ಎಂದರೆ ಬೇರೆ ಏನೋ, ಉತ್ತರ ಪ್ರೊಫೈಲ್‌ನಲ್ಲಿದೆ. ನಂತರ ಲಕ್ಷಣ: ಬೂದು ಭಾಗವೂ ಬದಲಾಗಿದೆಯೇ, ಗಾಢ ಬಣ್ಣ ಮಾತ್ರವೇ? ಬೂದೂ ಬದಲಾಗಿದ್ದರೆ ವಕ್ರರೇಖೆ ಅಥವಾ ವ್ಯಾಪ್ತಿ. ಗಾಢ ಬಣ್ಣ ಮಾತ್ರ ಬದಲಾಗಿದ್ದರೆ ಕಲರ್ ಸ್ಪೇಸ್ ಅಥವಾ ಮ್ಯಾಟ್ರಿಕ್ಸ್. ಕೆಂಪು ನೀಲಿಯಾಗಿ ನೀಲಿ ಕೆಂಪಾಗಿದ್ದರೆ ಚಾನೆಲ್ ಕ್ರಮ. ಆಮೇಲೆ ಡಿಕೋಡ್, ಸಂಸ್ಕರಣೆ, ಎನ್‌ಕೋಡ್, ಪರದೆ ಎಂಬ ನಾಲ್ಕು ಹಂತಗಳ ನಡುವೆ ಒಂದೇ ಪಿಕ್ಸೆಲ್‌ನ ಬೆಲೆಯನ್ನೂ ಅದರ ಕಲರ್ ಸ್ಪೇಸ್‌ನ ಹೆಸರನ್ನೂ ಲಾಗ್ ಮಾಡಿ. ಬೆಲೆ ಬದಲಾಗಿ ಹೆಸರು ಬದಲಾಗದ ಹಂತ, ಅಥವಾ ಹೆಸರು ಬದಲಾಗಿ ಬೆಲೆ ಬದಲಾಗದ ಹಂತ ಸಿಕ್ಕಿದರೆ ದೋಷ ಅಲ್ಲೇ ಇದೆ. ಅದನ್ನು ತಿದ್ದುವ ಮೊದಲು ಆ ಬಣ್ಣದ್ದೇ 7×5 ಅಳತೆಯ ಒಂದು ಟೆಸ್ಟ್ ಬರೆದು, ಅದು ಫೇಲ್ ಆಗುವುದನ್ನು ನೋಡಿ.